ನಾಗಾವಿಯಿಂದ ಅರಿವು ಕೇಂದ್ರದವರೆಗೆ

ಕಲಬುರಗಿ ಜಿಲ್ಲೆಯ ಚಿತ್ತಾಪುರದ ಪಕ್ಕದಲ್ಲಿ ನಾಗಾವಿ ಇದೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅದೊಂದು ಹೆಸರಾದ ಘಟಿಕಾಸ್ಥಾನ. ಒಂದನೆಯ ಸೋಮೇಶ್ವರನ ಆಳ್ವಿಕೆಯಲ್ಲಿ, 1058ರಲ್ಲಿ ಬರೆಸಿದ ಅಲ್ಲಿನ ಶಾಸನ ಆ ವಿದ್ಯಾಸಂಸ್ಥೆಯ ಏರ್ಪಾಡನ್ನು ಲೆಕ್ಕವಿಟ್ಟು ಹೇಳುತ್ತದೆ. ವೇದ ಓದುವವರು 200, ಶಾಸ್ತ್ರ ಓದುವವರು 52, ಅವರಿಗೆ ಪಾಠ ಹೇಳುವ ಉಪಾಧ್ಯಾಯರು; ಇವರ ಜೊತೆಗೆ 6 ಮಂದಿ ಸರಸ್ವತೀ ಭಂಡಾರಿಗರು. ಓಲೆಗರಿಯ ಕಟ್ಟುಗಳನ್ನು ಹುಳು ಹಿಡಿಯದಂತೆ ಕಾಪಾಡಿ, ಕೇಳಿದವರಿಗೆ ತೆಗೆದುಕೊಟ್ಟು, ಮರಳಿ ಇಟ್ಟುಕೊಳ್ಳುವುದು ಅವರ ಕೆಲಸವಾಗಿದ್ದಿರಬೇಕು. ಉಪಾಧ್ಯಾಯರಿಗೆ ಭೂಮಿ ಬಿಟ್ಟ ಹಾಗೆಯೇ ಈ ಭಂಡಾರಿಗರ ಜೀವನಕ್ಕೂ ಸೋಮೇಶ್ವರನ ದಂಡನಾಯಕ ಭೂಮಿ ಬಿಟ್ಟಿದ್ದ.

ನಾಗಾವಿಯ ಭಂಡಾರ ಊರಿನ ಎಲ್ಲರಿಗೂ ತೆರೆದದ್ದಾಗಿರಲಿಲ್ಲ. ಹೊಲ ಉಳುವವನಿಗೂ ನೂಲು ತೆಗೆಯುವವಳಿಗೂ ಆ ಬಾಗಿಲೊಳಗೆ ಜಾಗವಿರಲಿಲ್ಲ. ಸಾರ್ವಜನಿಕ ಗ್ರಂಥಾಲಯದ ಚರಿತ್ರೆಯನ್ನು ಅಲ್ಲಿಂದ ಶುರು ಮಾಡುವುದಕ್ಕೆ ಕಾರಣ ಬೇರೆ. ಪುಸ್ತಕಗಳನ್ನು ಕೂಡಿಸಿಟ್ಟರೆ ಸಾಲದು, ಅವನ್ನು ನೋಡಿಕೊಳ್ಳುವುದನ್ನೇ ಕಸುಬಾಗಿಸಿಕೊಂಡ ಮನುಷ್ಯ ಬೇಕು, ಅವನ ಹೊಟ್ಟೆಪಾಡಿಗೆ ವರ್ಷ ವರ್ಷವೂ ತಪ್ಪದ ಆದಾಯ ಬೇಕು ಎಂಬ ತಿಳಿವಳಿಕೆ ಈ ನೆಲದಲ್ಲಿ ಸಾವಿರ ವರ್ಷದ ಹಿಂದೆಯೇ ಇತ್ತು. ನಮ್ಮ ಗ್ರಂಥಾಲಯಗಳು ಯಾವಾಗ ಚೆನ್ನಾಗಿ ನಡೆದಿವೆ, ಯಾವಾಗ ಸೊರಗಿವೆ ಎಂದು ನೋಡುತ್ತ ಹೋದರೆ ಆ ಎರಡು ಮಾತೇ ಮತ್ತೆ ಮತ್ತೆ ಎದುರಾಗುತ್ತವೆ. ಮೂರನೆಯದೊಂದು ಇದೆ. ಅದನ್ನು ಮುಂದೆ ಹೇಳುತ್ತೇನೆ.

ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಮುಂಬೈ ಪ್ರಾಂತ್ಯದ ಕನ್ನಡ ಜಿಲ್ಲೆಗಳಲ್ಲಿ ಓದಿದವರು ಸೇರಿ ವಾಚನಾಲಯಗಳನ್ನು ಕಟ್ಟಿಕೊಂಡರು. ಬೆಳಗಾವಿಯ ಸಾರ್ವಜನಿಕ ವಾಚನಾಲಯ ಹುಟ್ಟಿದ್ದು 1848ರಲ್ಲಿ. ಇವು ಚಂದಾದಾರರ ಗ್ರಂಥಾಲಯಗಳು: ತಿಂಗಳ ಚಂದಾ ಕೊಟ್ಟವರಿಗೆ ಪತ್ರಿಕೆ, ಪುಸ್ತಕ. ಮುಂದೆ ಸ್ವಾತಂತ್ರ್ಯದ ಹೋರಾಟ ಬಿಸಿಯಾದಂತೆ ವಾಚನಾಲಯಗಳ ಬಣ್ಣವೇ ಬದಲಾಯಿತು. ಪತ್ರಿಕೆಯನ್ನು ಒಬ್ಬ ಗಟ್ಟಿಯಾಗಿ ಓದುವುದು, ಅಕ್ಷರ ಬಾರದ ಹತ್ತು ಜನ ಸುತ್ತ ಕೂತು ಕೇಳುವುದು ಊರೂರಿನ ಸಂಜೆಯ ನೋಟವಾಯಿತು. 1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆದದ್ದು ಎಲ್ಲರಿಗೂ ಗೊತ್ತು. ಅದೇ ಹೊತ್ತಿಗೆ ಅದೇ ಊರಿನಲ್ಲಿ ಅಖಿಲ ಭಾರತ ಸಾರ್ವಜನಿಕ ಗ್ರಂಥಾಲಯ ಸಮ್ಮೇಳನವೂ ನಡೆಯಿತು, ದೇಶಬಂಧು ಚಿತ್ತರಂಜನ ದಾಸರು ಅದರ ಅಧ್ಯಕ್ಷರಾಗಿದ್ದರು. ಈ ಸಂಗತಿಯನ್ನು ನೆನೆಯುವವರು ಕಡಿಮೆ. ಸ್ವರಾಜ್ಯಕ್ಕೂ ಗ್ರಂಥಾಲಯಕ್ಕೂ ನಂಟಿದೆ ಎಂದು ಆ ತಲೆಮಾರಿನವರು ನಂಬಿದ್ದರು.

ಮೈಸೂರು ಸಂಸ್ಥಾನದಲ್ಲಿ ದಾರಿ ಬೇರೆಯಾಗಿತ್ತು. ಅಲ್ಲಿ ಹೆಜ್ಜೆ ಇಟ್ಟದ್ದು ಸರ್ಕಾರವೇ. ಬರೋಡೆಯ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದಿಂದ ವಿಲಿಯಂ ಬೋರ್ಡನ್ ಎಂಬ ಗ್ರಂಥಪಾಲನನ್ನು ಕರೆಸಿ ಸಂಸ್ಥಾನದ ಉದ್ದಕ್ಕೂ ಗ್ರಂಥಾಲಯಗಳ ಜಾಲ ಹರಡಿದ್ದರು. ಅದು ದೇಶದ ಕಣ್ಣಿಗೆ ಬಿದ್ದ ಕಾಲದಲ್ಲೇ, 1912ರಲ್ಲಿ, ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾದರು. ಅವರ ದಿವಾನಗಿರಿಯ ಆರು ವರ್ಷದಲ್ಲಿ ಕನ್ನಡ ಸಾಹಿತ್ಯ ಪರಿಷತ್ತು (1915), ಮೈಸೂರು ವಿಶ್ವವಿದ್ಯಾಲಯ (1916) ಹುಟ್ಟಿದವು. ಬೆಂಗಳೂರು ಮತ್ತು ಮೈಸೂರಿಗೆ ಸಾರ್ವಜನಿಕ ಗ್ರಂಥಾಲಯಗಳೂ ಬಂದವು. ಬೆಂಗಳೂರಿನ ಗ್ರಂಥಾಲಯಕ್ಕೆ ಸಿಕ್ಕಿದ ಮನೆ ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ. 1883ರಿಂದ 1901ರವರೆಗೆ ದಿವಾನರಾಗಿದ್ದು, ಶಿವನಸಮುದ್ರದ ವಿದ್ಯುತ್ ಯೋಜನೆಗೆ ಅಡಿಪಾಯ ಹಾಕಿದ ಶೇಷಾದ್ರಿ ಅಯ್ಯರ್ ಅವರ ನೆನಪಿಗೆ ಕಟ್ಟಿದ ಕೆಂಪು ಕಟ್ಟಡ ಅದು. ಮುಂದೆ ಅವರದೇ ಪ್ರತಿಮೆ ನಿಂತಿದೆ. ಸತ್ತವರ ಹೆಸರಿನಲ್ಲಿ ಕಟ್ಟಿದ ಭವನಗಳು ಎಷ್ಟೋ ಬೀಗ ಹಾಕಿಕೊಂಡು ಕೂತಿರುತ್ತವೆ. ಈ ಭವನ ಮಾತ್ರ ನೂರು ವರ್ಷ ದಾಟಿಯೂ ದಿನ ಬೆಳಗಾದರೆ ಓದುಗರಿಗೆ ಬಾಗಿಲು ತೆರೆಯುತ್ತದೆ. ಒಬ್ಬ ಆಡಳಿತಗಾರನಿಗೆ ಇದಕ್ಕಿಂತ ಒಳ್ಳೆಯ ಸ್ಮಾರಕ ನನಗೆ ತೋಚದು.

ಹಳ್ಳಿಗಳ ಕಡೆ ಪುಸ್ತಕ ಹೊತ್ತು ನಡೆದವರು ವಯಸ್ಕರ ಶಿಕ್ಷಣದ ಕಾರ್ಯಕರ್ತರು. ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿ ಅಕ್ಷರ ಕಲಿತವರು ಮತ್ತೆ ಮರೆಯದಿರಲೆಂದು ಗ್ರಾಮ ಗ್ರಂಥಾಲಯಗಳನ್ನು ನಡೆಸಿತು, ‘ಬೆಳಕು’ ವಾರಪತ್ರಿಕೆಯನ್ನು ಹೊರತಂದಿತು. ದೊಡ್ಡ ಅಕ್ಷರದಲ್ಲಿ, ಸಣ್ಣ ವಾಕ್ಯದಲ್ಲಿ ಬರೆದ ಓದಿನ ಸಾಮಗ್ರಿ ಅದು. ಆ ಕೆಲಸ ಮಾಡಿದವರ ಹೆಸರುಗಳು ಸಾಹಿತ್ಯ ಚರಿತ್ರೆಯ ಪುಸ್ತಕಗಳಲ್ಲಿ ಸಿಗುವುದಿಲ್ಲ. ಸಿಗಬೇಕಿತ್ತು.

1956ರಲ್ಲಿ ಏಕೀಕರಣವಾದಾಗ ಕೂಡಿದ ಕನ್ನಡ ನಾಡು ಗ್ರಂಥಾಲಯದ ಲೆಕ್ಕದಲ್ಲಿ ಒಂದೊಂದು ಮೂಲೆಯಲ್ಲಿ ಒಂದೊಂದು ರೀತಿಯಾಗಿತ್ತು. ದಕ್ಷಿಣ ಕನ್ನಡ ಮದ್ರಾಸಿನಿಂದ ಬಂದಿತ್ತು. ಮದ್ರಾಸಿನಲ್ಲಿ 1948ರಲ್ಲೇ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಆಗಿತ್ತು. ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಕಾಯ್ದೆ ಅದು. ಅದರಲ್ಲಿ ಕರದ ಏರ್ಪಾಡೂ ಇದ್ದುದರಿಂದ ಮಂಗಳೂರಿನ ಕಡೆಯವರಿಗೆ ಗ್ರಂಥಾಲಯ ಕರ ಎಂಬುದು ಹೊಸ ಮಾತಾಗಿರಲಿಲ್ಲ. ಧಾರವಾಡದ ಕಡೆ ಮುಂಬೈ ಸರ್ಕಾರ ನೇಮಿಸಿದ್ದ ಫೈಜಿ ಸಮಿತಿಯ ಶಿಫಾರಸಿನಂತೆ ಕನ್ನಡ ಭಾಗಕ್ಕೊಂದು ಪ್ರಾಂತೀಯ ಗ್ರಂಥಾಲಯ ಬಂದಿತ್ತು, ಊರ ಗ್ರಂಥಾಲಯಗಳಿಗೆ ಅನುದಾನದ ಪದ್ಧತಿ ಇತ್ತು. ಹೈದರಾಬಾದ್ ರಾಜ್ಯ 1955ರಲ್ಲಿ ಕಾಯ್ದೆ ಮಾಡಿತ್ತು, ಮರುವರ್ಷವೇ ಆ ರಾಜ್ಯ ಒಡೆದು ಹೋಯಿತು. ಹಳೆ ಮೈಸೂರಿನಲ್ಲಿ ಒಳ್ಳೆಯ ಗ್ರಂಥಾಲಯಗಳಿದ್ದವು, ಕಾಯ್ದೆ ಇರಲಿಲ್ಲ. ಈ ಎಲ್ಲವನ್ನೂ ಒಂದು ನಿಯಮದ ಕೆಳಗೆ ತರಬೇಕಾಗಿತ್ತು.

ಆ ಹೊತ್ತಿಗೆ ಸರಿಯಾಗಿ ಎಸ್. ಆರ್. ರಂಗನಾಥನ್ ಬೆಂಗಳೂರಿನವರಾಗಿದ್ದರು. ತಂಜಾವೂರು ಸೀಮೆಯ ಶೀಯಾಳಿಯಲ್ಲಿ 1892ರಲ್ಲಿ ಹುಟ್ಟಿದ ಇವರು ಮೊದಲು ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದರು, ಲಂಡನ್ನಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳನ್ನು ಕಂಡು ಬಂದರು. 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳನ್ನು ಬರೆದರು, 1933ರಲ್ಲಿ ಕೋಲನ್ ವರ್ಗೀಕರಣವನ್ನು ಕೊಟ್ಟರು. ಪುಸ್ತಕ ಇರುವುದು ಬಳಸುವುದಕ್ಕೆ ಎಂಬುದು ಅವರ ಮೊದಲ ಸೂತ್ರ. ಇಂದಿಗೆ ಅದು ತೀರ ಸರಳ ಮಾತು. ಪುಸ್ತಕದ ಬೀರುವಿಗೆ ಬೀಗ ಹಾಕುವುದೇ ಗ್ರಂಥಪಾಲನ ಕರ್ತವ್ಯ ಎಂದು ತಿಳಿದಿದ್ದ ಕಾಲಕ್ಕೆ ಅದು ಸಣ್ಣ ಮಾತಾಗಿರಲಿಲ್ಲ. ಅದೇ 1931ರಲ್ಲಿ ಮನ್ನಾರ್ಗುಡಿಯಿಂದ ಎತ್ತಿನ ಗಾಡಿಯಲ್ಲಿ ಹಳ್ಳಿಹಳ್ಳಿಗೆ ಪುಸ್ತಕ ಹೋಗುವ ಏರ್ಪಾಡು ಶುರುವಾದಾಗ ಅದರ ಹಿಂದೆ ಇದ್ದದ್ದೂ ಅವರ ಆಲೋಚನೆಯೇ. 1957ರಿಂದ ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ಇಲ್ಲಿಯೇ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ತೆರೆದು, 1972ರ ಸೆಪ್ಟೆಂಬರಿನಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಯೇ ಇದ್ದರು. ರಾಜ್ಯ ರಾಜ್ಯಗಳಿಗೆ ಗ್ರಂಥಾಲಯ ಕಾಯ್ದೆಯ ಕರಡು ಬರೆದುಕೊಡುವುದನ್ನು ಅವರು ಒಂದು ವ್ರತದಂತೆ ನಡೆಸಿದ್ದರು. ಕಾಯ್ದೆ ಇರಬೇಕು, ಕಾಯ್ದೆಯಲ್ಲಿ ಕರ ಇರಬೇಕು ಎಂಬುದು ಅವರ ಹಟ. ವರ್ಷ ವರ್ಷ ಬದಲಾಗುವ ಬಜೆಟ್ಟಿನ ದಯೆಯಲ್ಲಿ ಗ್ರಂಥಾಲಯ ಬದುಕಬಾರದು ಎಂದು ಅವರು ಮತ್ತೆ ಮತ್ತೆ ವಾದಿಸಿದರು.

ಕೊನೆಗೆ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ, 1965 ಬಂತು. 1966ರ ಏಪ್ರಿಲ್ 1ರಂದು ಅದು ಜಾರಿಯಾಯಿತು, ಅದೇ ವರ್ಷದ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, ಸಾರ್ವಜನಿಕ ಗ್ರಂಥಾಲಯ ಇಲಾಖೆ ಪ್ರತ್ಯೇಕವಾಗಿ ನಿಂತಿತು. ಕಬ್ಬನ್ ಪಾರ್ಕಿನ ಗ್ರಂಥಾಲಯ ರಾಜ್ಯ ಕೇಂದ್ರ ಗ್ರಂಥಾಲಯವಾಯಿತು. ದೊಡ್ಡ ನಗರಗಳಿಗೆ ನಗರ ಕೇಂದ್ರ ಗ್ರಂಥಾಲಯ, ಜಿಲ್ಲೆಗೆ ಜಿಲ್ಲಾ ಕೇಂದ್ರ ಗ್ರಂಥಾಲಯ, ಅವುಗಳ ಕೆಳಗೆ ಶಾಖೆಗಳು, ಸೇವಾ ಕೇಂದ್ರಗಳು, ಸಂಚಾರಿ ಗ್ರಂಥಾಲಯಗಳು. ಮುಂದೆ ಕೊಳೆಗೇರಿಗಳಿಗೆ, ಅಲೆಮಾರಿ ಸಮುದಾಯಗಳಿಗೆ ಎಂದೇ ತೆರೆದ ಗ್ರಂಥಾಲಯಗಳು. ಮೇಲೆ ಶಿಕ್ಷಣ ಸಚಿವರ ಅಧ್ಯಕ್ಷತೆಯಲ್ಲಿ ರಾಜ್ಯ ಗ್ರಂಥಾಲಯ ಪ್ರಾಧಿಕಾರ. ಕಾಯ್ದೆಯ ನಕ್ಷೆ ಅಚ್ಚುಕಟ್ಟಾಗಿತ್ತು.

ಆ ಕಾಯ್ದೆಯ ಜೀವ ಇರುವುದು ಕರದ ಕಲಮಿನಲ್ಲಿ. ಇಂದು ಮನೆ ಕಂದಾಯ ಕಟ್ಟುವಾಗ ಅದರ ಮೇಲೆ ನೂರಕ್ಕೆ ಆರರಂತೆ ಗ್ರಂಥಾಲಯ ಕರ ಸೇರುತ್ತದೆ. ಐದು ಸಾವಿರ ರೂಪಾಯಿ ಕಂದಾಯದ ಮನೆಯವರು ಮುನ್ನೂರು ರೂಪಾಯಿಯನ್ನು ತಮ್ಮ ಊರಿನ ಗ್ರಂಥಾಲಯಕ್ಕೆಂದೇ ಕೊಡುತ್ತಾರೆ. ರಸೀದಿಯಲ್ಲಿ ಆರೋಗ್ಯ ಕರ, ಭಿಕ್ಷುಕರ ಕರದ ನಡುವೆ ಅದೊಂದು ಸಾಲು. ನಮ್ಮಲ್ಲಿ ಬಹಳ ಮಂದಿ ಅದನ್ನು ಓದುವುದಿಲ್ಲ. ಬಾಡಿಗೆಗೆ ಇರುವವರೂ ಬಾಡಿಗೆಯ ಮೂಲಕ ಅದನ್ನು ಕೊಡುತ್ತಿದ್ದಾರೆ. ನಾಗಾವಿಯ ಭಂಡಾರಿಗರನ್ನು ಭೂಮಿಯ ಹುಟ್ಟುವಳಿ ಸಾಕಿದ ಹಾಗೆ ಇಂದಿನ ಗ್ರಂಥಾಲಯವನ್ನು ನೆಲ ಮತ್ತು ಮನೆಯ ತೆರಿಗೆ ಸಾಕುತ್ತದೆ. ದಾನಿಯ ಹೆಸರು ಮಾತ್ರ ಬದಲಾಗಿದೆ. ಆಗ ದಂಡನಾಯಕ, ಈಗ ಊರಿನ ಜನ.

ದೇಶದಲ್ಲಿ ಇನ್ನೂ ಹಲವು ರಾಜ್ಯಗಳಿಗೆ ಗ್ರಂಥಾಲಯ ಕಾಯ್ದೆಯೇ ಇಲ್ಲ. ಕಾಯ್ದೆ ಇರುವ ಕಡೆಯೂ ಎಷ್ಟೋ ರಾಜ್ಯಗಳು ಕರದ ಮಾತನ್ನು ಬಿಟ್ಟಿವೆ. ಪಕ್ಕದ ಮಹಾರಾಷ್ಟ್ರ 1967ರಲ್ಲಿ ಮಾಡಿದ ಕಾಯ್ದೆಯಲ್ಲಿ ಕರವಿಲ್ಲ. ಆ ದೃಷ್ಟಿಯಿಂದ ನಮ್ಮ ಕಾಯ್ದೆ ಧೈರ್ಯದ ಕಾಯ್ದೆ. ಆದರೆ ಕರ ವಸೂಲಿ ಮಾಡುವುದು ಪಾಲಿಕೆ, ಪುರಸಭೆ, ಪಂಚಾಯಿತಿ; ಖರ್ಚು ಮಾಡಬೇಕಾದದ್ದು ಗ್ರಂಥಾಲಯ. ವಸೂಲಾದ ಹಣ ಒಂದು ಕಚೇರಿಯಿಂದ ಇನ್ನೊಂದಕ್ಕೆ ಬರುವ ದಾರಿಯಲ್ಲಿ ವರ್ಷಗಟ್ಟಲೆ ನಿಂತುಬಿಡುತ್ತದೆ, ಬಾಕಿ ಬೆಳೆಯುತ್ತದೆ. ವಿಧಾನಮಂಡಲದಲ್ಲೂ ಪತ್ರಿಕೆಗಳಲ್ಲೂ ಈ ಬಾಕಿಯ ಮಾತು ಮತ್ತೆ ಮತ್ತೆ ಬಂದಿದೆ. ಓದುಗರ ಹೆಸರಿನಲ್ಲಿ ಎತ್ತಿದ ದುಡ್ಡು ರಸ್ತೆಗೋ ಚರಂಡಿಗೋ ಖರ್ಚಾಗುವುದು ನ್ಯಾಯವಲ್ಲ. ರಸ್ತೆಗೆ ಬೇರೆ ಬಾಬ್ತು ಇದೆ.

ಕನ್ನಡ ಪುಸ್ತಕೋದ್ಯಮಕ್ಕೂ ಈ ಕರಕ್ಕೂ ಇರುವ ಸಂಬಂಧ ಹೊರಗಿನವರಿಗೆ ತಿಳಿಯುವುದು ಕಷ್ಟ. ಇಲಾಖೆಯ ಸಗಟು ಖರೀದಿಯನ್ನು ನಂಬಿಯೇ ಎಷ್ಟೋ ಪ್ರಕಾಶಕರು ಪುಸ್ತಕ ಅಚ್ಚು ಹಾಕುತ್ತಾರೆ. ಹೆಸರಾದ ಕಾದಂಬರಿಕಾರನಿಗೆ ಅಂಗಡಿಯಿದೆ. ಮೊದಲ ಕವನ ಸಂಕಲನದವಳಿಗೆ, ಒಂದು ತಾಲ್ಲೂಕಿನ ಶಾಸನಗಳ ಮೇಲೆ ಹತ್ತು ವರ್ಷ ಕೆಲಸ ಮಾಡಿದವನಿಗೆ, ಸಸ್ಯಗಳ ಬಗ್ಗೆ ಕನ್ನಡದಲ್ಲಿ ಬರೆದ ವಿಜ್ಞಾನದ ಮೇಷ್ಟ್ರಿಗೆ ಗ್ರಂಥಾಲಯವೇ ಮೊದಲ ಗಿರಾಕಿ. ಖರೀದಿ ಒಂದು ವರ್ಷ ತಡವಾದರೆ ಆ ವರ್ಷದ ಹಣ ಪ್ರಕಾಶಕನ ಕೈ ಸೇರುವುದಿಲ್ಲ, ಮುಂದಿನ ವರ್ಷದ ಹಸ್ತಪ್ರತಿ ಮೇಜಿನ ಮೇಲೆಯೇ ಉಳಿಯುತ್ತದೆ. ಆಯ್ಕೆಯ ಬಗ್ಗೆ, ಪುಟಕ್ಕೆ ಇಷ್ಟೆಂದು ಕಟ್ಟುವ ದರದ ಬಗ್ಗೆ ತಕರಾರು ಎಂದಿನಿಂದಲೂ ಇದೆ, ಇರಲಿ. ತಕರಾರು ಇರುವುದು ಆ ಖರೀದಿಯ ತೂಕವನ್ನೇ ತೋರಿಸುತ್ತದೆ. ಇದರ ಜೊತೆಗೆ 1972ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪನೆಯಾದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನವೂ ರಾಜ್ಯದ ಪಾಲಿಗೆ ತನ್ನ ಪಾಲು ಸೇರಿಸಿ ಪುಸ್ತಕ ಒದಗಿಸುತ್ತ ಬಂದಿದೆ.

ಇನ್ನು ಹಳ್ಳಿ. ಪಂಚಾಯಿತಿ ಮಟ್ಟಕ್ಕೆ ಗ್ರಂಥಾಲಯ ಇಳಿದದ್ದು ಕಾಯ್ದೆ ಬಂದಾಗಿನಿಂದ ನಡೆದ ಅತಿ ದೊಡ್ಡ ಕೆಲಸ ಎಂದು ನಾನು ತಿಳಿದಿದ್ದೇನೆ. ಐದು ಸಾವಿರದ ಆರುನೂರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ರಾಜ್ಯದಲ್ಲಿ ಹುಟ್ಟಿಕೊಂಡವು. ಒಂದು ಕೋಣೆ, ಎರಡು ಬೀರು, ಒಂದು ಮೇಜು, ನಾಲ್ಕು ಕುರ್ಚಿ, ಎರಡು ದಿನಪತ್ರಿಕೆ. ನೋಡಿಕೊಳ್ಳಲು ಒಬ್ಬ ಮೇಲ್ವಿಚಾರಕ, ಅವನಿಗೆ ಸಂಬಳದ ಬದಲು ಗೌರವಧನ. ಊರಿನಲ್ಲೇ ಇರುವ, ಪಿಯುಸಿಯೋ ಡಿಗ್ರಿಯೋ ಓದಿದ ಯುವಕನೋ ಯುವತಿಯೋ ಆ ಕೆಲಸಕ್ಕೆ ಸೇರಿ, ಇಂದಲ್ಲ ನಾಳೆ ಕಾಯಂ ಆದೀತೆಂದು ಕಾಯುತ್ತ ನಡುವಯಸ್ಸು ದಾಟಿದರು. ಮಳೆಗಾಲದಲ್ಲಿ ಸೋರುವ ಮಾಡಿನ ಕೆಳಗಿಂದ ಪುಸ್ತಕಗಳನ್ನು ಎತ್ತಿಟ್ಟವರು, ಗೆದ್ದಲು ಹಿಡಿದ ಬೀರುವನ್ನು ಬಿಸಿಲಿಗೆ ತಂದವರು, ಕರೆಂಟು ಬಿಲ್ಲನ್ನು ಕೈಯಿಂದ ಕಟ್ಟಿದವರು ಅವರು. ಮಕ್ಕಳ ಬಾಯಲ್ಲಿ ಅವರು ‘ಲೈಬ್ರರಿ ಸರ್’, ‘ಲೈಬ್ರರಿ ಮೇಡಂ’. ನಾಗಾವಿಯ ಶಾಸನ ತನ್ನ ಭಂಡಾರಿಗರಿಗೆ ಭೂಮಿ ಬಿಟ್ಟದ್ದನ್ನು ಕಲ್ಲಿನಲ್ಲಿ ಕೆತ್ತಿತು. ನಮ್ಮ ಕಾಲ ಹಳ್ಳಿಯ ಭಂಡಾರಿಗರನ್ನು ದಶಕಗಳ ಕಾಲ ಅರೆಹೊಟ್ಟೆಯಲ್ಲಿ ಇಟ್ಟಿತು. ಈ ಬರಹದಲ್ಲಿ ಯಾರಿಗಾದರೂ ಮೊದಲ ನಮಸ್ಕಾರ ಸಲ್ಲಬೇಕಿದ್ದರೆ ಅದು ಅವರಿಗೆ ಸಲ್ಲಲಿ.

2019ರಲ್ಲಿ ಈ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಿದರು. ಮರುವರ್ಷ ಕೊರೊನಾ ಬಂದು ಶಾಲೆಗಳ ಬಾಗಿಲು ಮುಚ್ಚಿತು. ಫೋನಿಲ್ಲದ, ನೆಟ್ ಸಿಗದ ಮನೆಗಳ ಮಕ್ಕಳಿಗೆ ಓದಿನ ನಂಟೇ ಕಡಿದುಹೋಗುವ ಹೊತ್ತು ಅದು. 2020ರ ಮಕ್ಕಳ ದಿನಾಚರಣೆಯಂದು ‘ಓದುವ ಬೆಳಕು’ ಎಂಬ ಅಭಿಯಾನ ಆರಂಭವಾಯಿತು, ಹಳ್ಳಿಯ ಮಕ್ಕಳಿಗೆ ಗ್ರಂಥಾಲಯದ ಸದಸ್ಯತ್ವ ಉಚಿತವಾಯಿತು. ಲಕ್ಷಗಟ್ಟಲೆ ಮಕ್ಕಳು ಹೆಸರು ಬರೆಸಿದರು. ಅದುವರೆಗೆ ಪತ್ರಿಕೆ ಓದುವ ಗಂಡಸರ ಜಾಗವಾಗಿದ್ದ ಕೋಣೆಗಳಿಗೆ ಹೆಣ್ಣುಮಕ್ಕಳು ಬರತೊಡಗಿದರು. ಗೋಡೆಗಳಿಗೆ ಬಣ್ಣ ಬಂತು, ಚೆಸ್ ಹಲಗೆ ಬಂತು, ಎಷ್ಟೋ ಕಡೆ ಕಂಪ್ಯೂಟರ್ ಬಂತು. ‘ಪುಸ್ತಕ ಜೋಳಿಗೆ’ ಹಿಡಿದು ಮನೆಮನೆಯಿಂದ ಪುಸ್ತಕ ಸಂಗ್ರಹಿಸಿದ ಊರುಗಳಿವೆ. ಇವುಗಳಿಗೆ ಈಗ ‘ಅರಿವು ಕೇಂದ್ರ’ ಎಂಬ ಹೆಸರು. ಎಲ್ಲ ಕಡೆ ಎಲ್ಲವೂ ಚೆನ್ನಾಗಿದೆ ಎಂದು ಹೇಳಲಾರೆ, ಮಧ್ಯಾಹ್ನವೂ ಬೀಗ ಬಿದ್ದಿರುವ ಕೇಂದ್ರಗಳು ಇವೆ. ಆದರೂ ಹಳ್ಳಿಯ ಗ್ರಂಥಾಲಯ ಮಕ್ಕಳಿಂದ ತುಂಬಬಹುದು ಎಂಬುದು ಒಮ್ಮೆ ಕಣ್ಣಿಗೆ ಕಂಡಿದೆ.

ನಗರಗಳಲ್ಲಿ ಗ್ರಂಥಾಲಯ ತುಂಬಿಸಿರುವವರು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಕೆಎಎಸ್, ಪಿಡಿಒ, ಎಫ್‌ಡಿಎ, ಎಸ್‌ಡಿಎ, ಪೊಲೀಸ್ ಸಬ್ ಇನ್‌ಸ್ಪೆಕ್ಟರ್. ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಬ್ಯಾಗು, ನೀರಿನ ಬಾಟಲಿ ಹಿಡಿದು ನಿಂತಿರುತ್ತಾರೆ. ಇವರು ಗ್ರಂಥಾಲಯದ ಪುಸ್ತಕ ಮುಟ್ಟುವುದಿಲ್ಲ, ತಮ್ಮ ನೋಟ್ಸು ಓದಲು ಕುರ್ಚಿ ಹಿಡಿಯುತ್ತಾರೆ ಎಂಬ ಅಸಮಾಧಾನ ಹಿರಿಯ ಓದುಗರಿಗಿದೆ. ನಾನು ಅದನ್ನು ಒಪ್ಪುವುದಿಲ್ಲ. ಹತ್ತು ಅಡಿ ಕೋಣೆಯಲ್ಲಿ ನಾಲ್ವರು ಮಲಗುವ ಮನೆಯಿಂದ ಬಂದವನಿಗೆ ಫ್ಯಾನು, ದೀಪ, ಮೌನ ಇರುವ ಒಂದು ಮೇಜು ಬೇರೆಲ್ಲಿ ಬಿಟ್ಟಿ ಸಿಗುತ್ತದೆ? ಹಿರಿಯರಿಗೆ ಕುರ್ಚಿ ಸಾಲದಿದ್ದರೆ ಕುರ್ಚಿ ಹೆಚ್ಚಲಿ. ಭಾನುವಾರ ತೆರೆದಿದ್ದು ಸೋಮವಾರ ರಜೆ ಮಾಡುವ ನಮ್ಮ ಗ್ರಂಥಾಲಯಗಳ ಪದ್ಧತಿಯ ಹಿಂದೆಯೂ ಇದೇ ವಿವೇಕವಿದೆ: ದುಡಿಯುವವನಿಗೆ ಬಿಡುವು ಸಿಗುವ ದಿನ ಬಾಗಿಲು ತೆರೆದಿರಬೇಕು. 2020ರಲ್ಲಿ ಬಂದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಕೂಡ ಲಾಕ್‌ಡೌನಿನ ತಿಂಗಳುಗಳಲ್ಲಿ ಇಂಥವರಿಗೇ ಹೆಚ್ಚು ಉಪಯೋಗಕ್ಕೆ ಬಂತು.

ಮೊದಲು ಹೇಳದೆ ಉಳಿಸಿದ ಮೂರನೆಯ ಮಾತಿಗೆ ಬರುತ್ತೇನೆ. ಕಾಯ್ದೆಯಿಂದ ಆದಾಯ ಬಂತು, ಇಲಾಖೆಯಿಂದ ಸಿಬ್ಬಂದಿ ಬಂದರು. ಓದುಗರಿಗೆ ಮಾತ್ರ ಇದು ತಮ್ಮದು ಎನ್ನಿಸಲಿಲ್ಲ. ಕೇರಳದಲ್ಲಿ ಪಿ. ಎನ್. ಪಣಿಕ್ಕರ್ 1945ರಲ್ಲಿ ಗ್ರಂಥಶಾಲಾ ಸಂಘ ಕಟ್ಟಿದಾಗ ಊರಿನವರೇ ಸೇರಿ ನಡೆಸುತ್ತಿದ್ದ ವಾಚನಾಲಯಗಳು ಒಂದಾದವು. ಅಲ್ಲಿ ಇಂದಿಗೂ ಸದಸ್ಯರೇ ಆಡಳಿತ ಮಂಡಳಿಯನ್ನು ಚುನಾಯಿಸುತ್ತಾರೆ. ಗ್ರಂಥಾಲಯದ ಮಾಡು ಸೋರಿದರೆ ಊರೇ ಮಾತಾಡುತ್ತದೆ. ನಮ್ಮಲ್ಲಿ ಸೋರಿದರೆ ‘ಸರ್ಕಾರದ್ದು, ಅವರು ನೋಡಿಕೊಳ್ಳಲಿ’ ಎನ್ನುತ್ತೇವೆ. ಬೆಳಗಾವಿಯ ಚಂದಾದಾರರಿಗೂ, ಸಂಜೆ ಪತ್ರಿಕೆ ಕೇಳಲು ಸೇರುತ್ತಿದ್ದ ಹಳ್ಳಿಗರಿಗೂ ಇದ್ದ ನಂಟು ಇಲಾಖೆಯ ಫೈಲುಗಳ ನಡುವೆ ಎಲ್ಲೋ ಸಡಿಲವಾಯಿತು. ಇದರಲ್ಲಿ ಇಲಾಖೆಯ ತಪ್ಪು ಇರುವಷ್ಟೇ ನಮ್ಮದೂ ಇದೆ. ಮಕ್ಕಳ ಟ್ಯೂಷನ್ನಿಗೆ ಸಾವಿರಗಟ್ಟಲೆ ಕೊಡುವ ಮನೆಗಳು ಬೀದಿಯ ತುದಿಯ ಗ್ರಂಥಾಲಯದ ವೇಳೆ ಏನೆಂದು ತಿಳಿದುಕೊಂಡಿಲ್ಲ.

ಆದ್ದರಿಂದ ಇದನ್ನು ಓದುವವರಲ್ಲಿ ನನ್ನ ಬಿನ್ನಹ ಇಷ್ಟು. ನಿಮ್ಮ ಹೆಸರಿನಲ್ಲೊಂದು, ಮನೆಯ ಮಕ್ಕಳ ಹೆಸರಿನಲ್ಲೊಂದು ಸದಸ್ಯತ್ವದ ಕಾರ್ಡು ಮಾಡಿಸಿ. ಪುಸ್ತಕ ಎರವಲು ತನ್ನಿ, ಸಮಯಕ್ಕೆ ಹಿಂತಿರುಗಿಸಿ, ಬೇಕಾದ ಪುಸ್ತಕ ಇಲ್ಲದಿದ್ದರೆ ತರಿಸಿಕೊಡಿ ಎಂದು ಬರೆದು ಕೊಡಿ. ಎರವಲಿನ ಲೆಕ್ಕ ಹೆಚ್ಚಿದಷ್ಟೂ ಗ್ರಂಥಪಾಲರು ತಮ್ಮ ಮೇಲಿನವರ ಮುಂದೆ ಗಟ್ಟಿಯಾಗಿ ಕೇಳಬಹುದು. ಪುಸ್ತಕ ದಾನ ಮಾಡುವುದಿದ್ದರೆ ಮನೆ ಖಾಲಿ ಮಾಡಲು ಕೊಡಬೇಡಿ, ಇನ್ನೊಬ್ಬರು ಓದಬೇಕೆಂದು ನಿಮಗನ್ನಿಸುವ ಪುಸ್ತಕ ಕೊಡಿ, ಕೊಡುವ ಮೊದಲು ಅವರಿಗೆ ಬೇಕೇ ಎಂದು ಕೇಳಿ. ಕಂದಾಯದ ರಸೀದಿಯಲ್ಲಿ ಗ್ರಂಥಾಲಯ ಕರದ ಸಾಲನ್ನು ನೋಡಿ. ವಾರ್ಡಿನ ಸದಸ್ಯರನ್ನು, ಗ್ರಾಮಸಭೆಯಲ್ಲಿ ಅಧ್ಯಕ್ಷರನ್ನು ಎದ್ದು ನಿಂತು ಕೇಳಿ: ಈ ವರ್ಷ ಎಷ್ಟು ವಸೂಲಾಯಿತು, ಗ್ರಂಥಾಲಯಕ್ಕೆ ಎಷ್ಟು ಹೋಯಿತು? ಮೇಲ್ವಿಚಾರಕರ ಗೌರವಧನ ತಿಂಗಳಿಗೆ ಸರಿಯಾಗಿ ಬರುತ್ತಿದೆಯೇ ಎಂದೂ ಅದೇ ಸಭೆಯಲ್ಲಿ ಕೇಳಿ. ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಅಷ್ಟರೊಳಗೆ ನಿಮ್ಮ ಕಾರ್ಡು ಸಿದ್ಧವಾಗಿರಲಿ.